ಹೊಸ ಕ್ಯಾಮೆರಾ ನಿಜವಾಗಲೂ ಹೊಸದೇನಾ? ಮೊದಲ ಕ್ಲಿಕ್‌ಗೂ ಮುಂಚೆ ನೋಡಬೇಕಾದ್ದು

ಬಾಕ್ಸ್ ತೆರೆದಿದ್ದೀರಿ. ಕ್ಯಾಮೆರಾ ಹೊಳೆಯುತ್ತಿದೆ. ಆದರೆ ಸ್ಟ್ರಾಪ್ ಯಾಕೋ ಅವಸರದಲ್ಲಿ ತುರುಕಿದ ಹಾಗಿದೆ. ಸ್ಕ್ರೀನ್ ಮೇಲೊಂದು ಬೆರಳಚ್ಚು ಕಾಣುತ್ತಿದೆ, ಅದು ನಿಮ್ಮದಲ್ಲ. ಅಷ್ಟು ಸಾಕು, ತಲೆಯೊಳಗೆ ಹುಳ ಬಿಟ್ಟ ಹಾಗೆ. ಹೊಸದಕ್ಕೆ ಅಂತ ದುಡ್ಡು ಕೊಟ್ಟು ಯಾರೋ ಬಳಸಿ ಬಿಟ್ಟದ್ದನ್ನು ತಂದುಕೊಂಡೆನಾ?

ಈ ಅನುಮಾನ ನನಗೂ ಒಮ್ಮೆ ಬಂದಿತ್ತು. ಹೊಸ ಕ್ಯಾಮೆರಾದಲ್ಲಿ ತೆಗೆದ ಮೊದಲ ಫೋಟೋದ ನಂಬರ್ ನೋಡಿದರೆ ನಾಲ್ಕು ಸಾವಿರ ಚಿಲ್ಲರೆ. ಮೈಯೆಲ್ಲಾ ಉರಿದುಹೋಯಿತು. ಮಾರಿದವರಿಗೆ ಫೋನ್ ಮಾಡಿ ಜೋರಾಗಿಯೇ ಮಾತಾಡಿದೆ. ಅವರು ತಣ್ಣಗೆ ಒಂದೇ ಮಾತು ಕೇಳಿದರು: ‘ಸರ್, ಮೆಮೊರಿ ಕಾರ್ಡ್ ಹೊಸದಾ, ಹಳೇದಾ?’ ಹಳೆಯ ಕ್ಯಾಮೆರಾದಿಂದ ತೆಗೆದ ಕಾರ್ಡನ್ನೇ ಸುಮ್ನೆ ಇದಕ್ಕೆ ಸಿಕ್ಕಿಸಿದ್ದೆ, ಹಳೆಯ ಫೋಟೋಗಳೂ ಅದರಲ್ಲೇ ಇದ್ದವು. ಹೊಸ ಕ್ಯಾಮೆರಾ ಆ ನಂಬರನ್ನೇ ಮುಂದುವರಿಸಿತ್ತು. ಆವತ್ತು ಫೋನ್ ಇಡುವಾಗ ನನ್ನ ಮುಖ ನೋಡಬೇಕಿತ್ತು.

ಅದಕ್ಕೇ ಹೇಳುವುದು, ಈ ತಪಾಸಣೆಯಲ್ಲಿ ಏನು ನೋಡುತ್ತೀರಿ ಅನ್ನುವಷ್ಟೇ ಮುಖ್ಯ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದು. ಕೆಲವು ಗುರುತು ಒಂದೇ ಸಲ ಸಿಗುತ್ತವೆ. ಅವಸರದಲ್ಲಿ ನಾವೇ ಅಳಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ.

ಮೊದಲಿಗೆ: ಕೈ ಹಿಂದಕ್ಕೆ

ಅನುಮಾನ ಬಂದ ಕ್ಷಣಕ್ಕೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬೇಡಿ. ಬ್ಯಾಟರಿ ಚಾರ್ಜ್‌ಗೆ ಹಾಕಬೇಡಿ. ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಡ, ಸೆಟ್ಟಿಂಗ್ಸ್ ರೀಸೆಟ್ ಅಂತೂ ಬೇಡವೇ ಬೇಡ. ವಾರಂಟಿ ನೋಂದಣಿಯನ್ನೂ ಎರಡು ದಿನ ತಡೆಯಿರಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿ ಆಯಿತೆಂದರೆ ವಾಪಸ್ ಮಾಡುವಾಗ ಅದೇ ಒಂದು ತಕರಾರು ಆಗಬಹುದು.

ಫೋನ್ ತೆಗೆದು ಇದ್ದದ್ದನ್ನು ಇದ್ದ ಹಾಗೇ ಫೋಟೋ ತೆಗೆಯಿರಿ. ಬಾಕ್ಸಿನ ಆರು ಮುಖ, ಅಂಟಿಸಿದ ಲೇಬಲ್‌ಗಳು, ಒಳಗೆ ಸಾಮಾನು ಇಟ್ಟಿದ್ದ ರೀತಿ, ಅನುಮಾನ ಹುಟ್ಟಿಸಿದ ಜಾಗ, ಎಲ್ಲವೂ ಇರಲಿ. ಬಾಕ್ಸ್ ಇನ್ನೂ ತೆರೆದಿಲ್ಲವಾದರೆ ತೆರೆಯುವುದನ್ನೇ ಒಂದೇ ಉಸಿರಿನ ವಿಡಿಯೋ ಮಾಡಿ, ಮಧ್ಯೆ ನಿಲ್ಲಿಸಬೇಡಿ. ಬಿಲ್ ಮೇಲೆ ವಾಪಸ್ ಅವಧಿ ಎಷ್ಟು ದಿನ ಅಂತ ಈಗಲೇ ಓದಿಕೊಳ್ಳಿ. ಮುಂದಿನದ್ದೆಲ್ಲ ಆ ದಿನಗಳೊಳಗೇ ಮುಗಿಯಬೇಕು.

ಬಾಕ್ಸ್ ಏನು ಹೇಳುತ್ತದೆ

ನಿಜ ಹೇಳಬೇಕೆಂದರೆ, ಕಡಿಮೆಯೇ. ಸೀಲ್ ಇಲ್ಲ ಅಂದ ಮಾತ್ರಕ್ಕೆ ಹಳೆಯದು ಅಂತಲ್ಲ. ಎಷ್ಟೋ ಕ್ಯಾಮೆರಾಗಳ ಬಾಕ್ಸ್‌ಗೆ ಕಾರ್ಖಾನೆಯಲ್ಲೇ ಸೀಲ್ ಹಾಕುವುದಿಲ್ಲ, ಮುಚ್ಚಳ ಮಡಚಿ ಬಿಡುತ್ತಾರೆ. ಉಚಿತ ಕಾರ್ಡ್ ಹಾಕಲೋ, ಸೀರಿಯಲ್ ನಂಬರ್ ಬರೆದುಕೊಳ್ಳಲೋ ಅಂಗಡಿಯವರೇ ಬಾಕ್ಸ್ ತೆರೆದಿರಲೂಬಹುದು. ಆದರೆ ಒಂದು ಸೀಲ್ ಕತ್ತರಿಸಿ, ಅದರ ಮೇಲೆಯೇ ಇನ್ನೊಂದು ಟೇಪ್ ಅಂಟಿಸಿದ್ದರೆ ಕೇಳಲೇಬೇಕು. ಕಿತ್ತ ಲೇಬಲ್‌ನ ಅಂಟು ಉಳಿದಿದ್ದರೂ ಅಷ್ಟೇ.

ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಸೀರಿಯಲ್ ನಂಬರ್. ಬಾಕ್ಸಿನ ಲೇಬಲ್, ಕ್ಯಾಮೆರಾದ ತಳ, ವಾರಂಟಿ ಕಾರ್ಡ್, ಬಿಲ್, ಈ ನಾಲ್ಕರಲ್ಲೂ ನಂಬರ್ ಇದ್ದರೆ ನಾಲ್ಕೂ ಒಂದೇ ಆಗಿರಬೇಕು. ಕೆಲವು ಮಾಡೆಲ್‌ಗಳಲ್ಲಿ ತಳದ ಬದಲು ಮಡಚುವ ಸ್ಕ್ರೀನಿನ ಹಿಂದೆ ಅಥವಾ ಬ್ಯಾಟರಿ ಬಾಗಿಲ ಒಳಗೆ ಇರುತ್ತದೆ. ಬಾಕ್ಸಿನ ನಂಬರಿಗೂ ಕ್ಯಾಮೆರಾದ ನಂಬರಿಗೂ ಒಂದು ಅಂಕಿ ಆಚೀಚೆ ಆದರೂ ಬೇರೆ ಕ್ಯಾಮೆರಾ ಈ ಬಾಕ್ಸಿಗೆ ಬಂದು ಕೂತಿದೆ ಅಂತಲೇ ಅರ್ಥ. ಒಬ್ಬರು ವಾಪಸ್ ಕೊಟ್ಟದ್ದನ್ನು ಇನ್ನೊಬ್ಬರ ಬಾಕ್ಸಿಗೆ ಹಾಕಿದಾಗ ಹೀಗಾಗುತ್ತದೆ. ಈ ಒಂದು ಗುರುತಿಗೆ ಬೇರೆ ಸಾಕ್ಷಿ ಬೇಕಿಲ್ಲ, ನೇರವಾಗಿ ಮಾರಿದವರ ಹತ್ತಿರ ಹೋಗಿ.

ಟಾರ್ಚ್ ಹಿಡಿದು ಮೈ ನೋಡಿ

ಇದಕ್ಕೆ ಹತ್ತು ನಿಮಿಷ ಕೊಡಿ. ಫೋನಿನ ಟಾರ್ಚನ್ನು ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬೆಳಕು ಬೀಳಲಿ. ನೇರ ಬೆಳಕಲ್ಲಿ ಕಾಣದ ಗೀರುಗಳು ಓರೆ ಬೆಳಕಲ್ಲಿ ಬೆಳ್ಳಿ ಗೆರೆಯ ಹಾಗೆ ಎದ್ದು ಕಾಣುತ್ತವೆ.

ಮೊದಲು ಮೇಲಿನ ಹಾಟ್ ಶೂ ನೋಡಿ, ಅಂದರೆ ಫ್ಲ್ಯಾಶ್ ಸಿಕ್ಕಿಸುವ ಲೋಹದ ಕಚ್ಚು. ಅದಕ್ಕೆ ಕಪ್ಪು ಬಣ್ಣ ಬಳಿದಿದ್ದರೆ ಒಂದೇ ಒಂದು ಸಲ ಫ್ಲ್ಯಾಶ್ ತಳ್ಳಿದರೂ ಅಂಚಿನಲ್ಲಿ ಬಣ್ಣ ಕೆತ್ತಿ ಲೋಹ ಇಣುಕಬಹುದು. ಆಮೇಲೆ ಸ್ಟ್ರಾಪ್ ಕಟ್ಟುವ ಕಿವಿಗಳು. ಉಂಗುರ ತೂಗಾಡುವ ಮಾಡೆಲ್‌ ಆದರೆ ಅದರ ಕೆಳಗಿನ ಬಣ್ಣದಲ್ಲಿ ಅರ್ಧ ಚಂದ್ರನಂಥ ಉಜ್ಜಿದ ಗುರುತು ಇದೆಯಾ? ಅದು ಬಾಕ್ಸಿನಲ್ಲಿ ಕೂತು ಆಗುವಂಥದ್ದಲ್ಲ, ಯಾರದೋ ಕುತ್ತಿಗೆಯಲ್ಲಿ ಓಡಾಡಿ ಆದದ್ದು. ಸ್ಟ್ರಾಪ್ ಕೂಡ ಮಾತಾಡುತ್ತದೆ. ಹೊಸ ಸ್ಟ್ರಾಪಿನ ತುದಿಗಳು ಗಟ್ಟಿಯಾಗಿರುತ್ತವೆ. ಒಮ್ಮೆ ಬಕಲ್‌ನಲ್ಲಿ ತೂರಿಸಿ ಎಳೆದದ್ದಾದರೆ ಅಲ್ಲೊಂದು ಮಡಿಕೆ ಬಿದ್ದಿರುತ್ತದೆ, ಎಷ್ಟು ತಿಕ್ಕಿದರೂ ಹೋಗದು.

ಕ್ಯಾಮೆರಾ ತಿರುಗಿಸಿ. ತಳದಲ್ಲಿ ಟ್ರೈಪಾಡ್ ಹಾಕುವ ತಿರುಪಿನ ತೂತು. ಅದರ ಸುತ್ತ ದುಂಡಗೆ ಒತ್ತಿದ ಅಥವಾ ಉಜ್ಜಿದ ಗುರುತಿದ್ದರೆ ಟ್ರೈಪಾಡ್ ಮೇಲೆ ಕೂತಿದೆ ಅಂತ ಲೆಕ್ಕ. ವಿಡಿಯೋ ಮಾಡುವವರ ಕೈಗೆ ಹೋಗಿ ಬಂದ ಕ್ಯಾಮೆರಾಗಳಲ್ಲಿ ಇದು ಜಾಸ್ತಿ.

ಲೆನ್ಸ್ ಬಿಚ್ಚುವ ಮಾಡೆಲ್‌ ಆದರೆ ಮೌಂಟ್‌ನ, ಅಂದರೆ ಲೆನ್ಸ್ ಕೂರುವ ಜಾಗದ, ಲೋಹದ ಬಳೆ ನೋಡಿ. ಇಲ್ಲಿ ಸ್ವಲ್ಪ ಉದಾರ ಮನಸ್ಸಿರಲಿ. ಲೆನ್ಸ್ ಜೊತೆಗೇ ಬರುವ ಕಿಟ್‌ನಲ್ಲಿ ಪರೀಕ್ಷೆಗೆ ಅಂತ ಒಂದೆರಡು ಸಲ ಹಾಕಿ ತೆಗೆದ ತೆಳು ಗೆರೆ ಇರಬಹುದು. ಒಂದರ ಮೇಲೊಂದು ಬಿದ್ದ ದಟ್ಟ ಗೆರೆಗಳು ಬೇರೆಯದೇ ಕಥೆ. ಒಳಗೆ ಕಾಣುವ ಕನ್ನಡಿಯನ್ನು, ಚಿತ್ರ ಹಿಡಿಯುವ ಚಿಪ್ ಆದ ಸೆನ್ಸರನ್ನು ಮಾತ್ರ ಬೆರಳಿಂದ ಮುಟ್ಟಬೇಡಿ, ಬಾಯಿಂದ ಊದಲೂಬೇಡಿ.

ಬ್ಯಾಟರಿಯ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳ ಮೇಲೂ ಗೀರು ನೋಡಿ. ಹಾಕಿ ತೆಗೆದಷ್ಟೂ ಅಲ್ಲಿ ಉದ್ದನೆ ಗೆರೆ ಮೂಡುತ್ತದೆ. ಕಾರ್ಖಾನೆಯಿಂದ ಬಂದ ಬ್ಯಾಟರಿ ಸಾಮಾನ್ಯವಾಗಿ ತುಂಬಾ ಚಾರ್ಜ್ ಆಗಿರುವುದಿಲ್ಲ. ವಿಮಾನದಲ್ಲಿ ಬಿಡಿಯಾಗಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಶೇ. 30ಕ್ಕಿಂತ ಜಾಸ್ತಿ ಚಾರ್ಜ್ ಇರಬಾರದು ಎಂಬ ನಿಯಮ 2016ರಿಂದಲೇ ಇದೆ. ಕ್ಯಾಮೆರಾ ಜೊತೆ ಪ್ಯಾಕ್ ಆದ ಬ್ಯಾಟರಿಯ ಲೆಕ್ಕ ಮೊದಲು ಸ್ವಲ್ಪ ಬೇರೆ ಇತ್ತು, ಆದರೂ ಹೊಸ ಬಾಕ್ಸಿನಿಂದ ತೆಗೆದದ್ದು ಶೇ. 100 ತೋರಿಸಿದರೆ ನಾನಂತೂ ಹುಬ್ಬೇರಿಸುತ್ತೇನೆ.

ಬಟ್ಟನ್ ಸಂದಿಯ ಧೂಳು, ಕಣ್ಣಿಡುವ ರಬ್ಬರಿನ ಮೇಲಿನ ಬೆವರಿನ ಬಿಳಿ ಕಲೆ, ಸಡಿಲವಾದ ಯುಎಸ್‌ಬಿ ಮುಚ್ಚಳ, ಕೇಬಲ್‌ಗೆ ಕಾರ್ಖಾನೆ ಕಟ್ಟಿದ ತಂತಿ ಇಲ್ಲದಿರುವುದು, ಇವೆಲ್ಲ ಒಂದೊಂದೇ ಆಗಿ ಏನೂ ಅಲ್ಲ. ಮೂರು ನಾಲ್ಕು ಸೇರಿದರೆ ಬರೆದಿಟ್ಟುಕೊಳ್ಳಿ.

ಮೊದಲ ಸಲ ಆನ್ ಮಾಡುವಾಗ

ಆನ್ ಮಾಡುವುದನ್ನೂ ಫೋನಿನಲ್ಲಿ ವಿಡಿಯೋ ಮಾಡಿ. ಹೊಸ ಕ್ಯಾಮೆರಾ ಸಾಮಾನ್ಯವಾಗಿ ಮೊದಲು ಭಾಷೆ ಕೇಳುತ್ತದೆ, ಆಮೇಲೆ ಊರಿನ ಸಮಯ, ತಾರೀಕು. ಏನೂ ಕೇಳದೆ ನೇರವಾಗಿ ಫೋಟೋ ತೆಗೆಯಲು ನಿಂತುಬಿಟ್ಟರೆ, ಅದರಲ್ಲೂ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ, ಇತ್ತೀಚೆಗಷ್ಟೇ ಯಾರೋ ಸಮಯ ಹೊಂದಿಸಿದ್ದಾರೆ. ಗಡಿಯಾರವನ್ನು ಓಡಿಸುವ ಪುಟ್ಟ ಬ್ಯಾಟರಿ ಒಳಗೆ ಬೇರೆಯೇ ಇರುತ್ತದೆ. ದೊಡ್ಡ ಬ್ಯಾಟರಿ ತೆಗೆದಿಟ್ಟರೂ ಅದು ಸ್ವಲ್ಪ ಕಾಲ ಸಮಯ ಹಿಡಿದಿಟ್ಟಿರುತ್ತದೆ. ಆ ‘ಯಾರೋ’ ಅಂಗಡಿಯವರೇ ಆಗಿರಬಹುದು, ಅದು ಬೇರೆ ಮಾತು. ಭಾಷೆ ಕೇಳಿದ ಮಾತ್ರಕ್ಕೆ ಕ್ಯಾಮೆರಾ ಹೊಸದು ಅಂತಲೂ ಅಲ್ಲ. ಪೂರ್ತಿ ರೀಸೆಟ್ ಮಾಡಿದರೆ ಹಲವು ಮಾಡೆಲ್‌ಗಳು ಮತ್ತೆ ಕೇಳುತ್ತವೆ.

ಈಗಲೇ ಒಂದು ಕೆಲಸ. ಕಾರ್ಡ್ ಹಾಕುವ ಮೊದಲು ಫೋಟೋ ನೋಡುವ ಪ್ಲೇ ಬಟ್ಟನ್ ಒತ್ತಿ. ಜೇಬಿಗೆ ಹಾಕುವ ಸಣ್ಣ ಕ್ಯಾಮೆರಾಗಳಲ್ಲಿ ಎಷ್ಟಕ್ಕೋ ಒಳಗೇ ಚೂರು ಮೆಮೊರಿ ಇರುತ್ತದೆ. ಕಾರ್ಡ್ ಇಲ್ಲದಾಗ ಅದರಲ್ಲೇ ಫೋಟೋ ಉಳಿಯುತ್ತದೆ. ವಾಪಸ್ ಕೊಡುವವರು ಕಾರ್ಡ್ ತೆಗೆದುಕೊಳ್ಳುತ್ತಾರೆ, ಒಳಗಿನದ್ದು ಮರೆತೇಬಿಡುತ್ತಾರೆ. ಯಾರದೋ ಮನೆಯ ಸೋಫಾ, ಯಾರದೋ ಬೆಕ್ಕು ಕಣ್ಣ ಮುಂದೆ ಬಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಳ್ಳಿ. ಆ ಚಿತ್ರಗಳನ್ನು ಬೇರೆಲ್ಲೂ ಹಂಚಬೇಡಿ, ಅವರೂ ನಮ್ಮ ಹಾಗೆ ಒಬ್ಬ ಗಿರಾಕಿ ತಾನೇ.

ಮೊದಲ ಫೋಟೋ

ಈ ಫೋಟೋ ಒಂದೇ ಸಲ ಸಿಗುವುದು, ಹಾಗಾಗಿ ನಿಧಾನ. ನನ್ನ ಹಾಗೆ ಹಳೆಯ ಕಾರ್ಡ್ ಸಿಕ್ಕಿಸಬೇಡಿ. ಹೊಸ ಕಾರ್ಡ್ ಹಾಕಿ, ಇಲ್ಲವೇ ಕಂಪ್ಯೂಟರ್‌ನಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದ್ದು ಹಾಕಿ. ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ನಿಜವಾದ ಪರದೆ) ಇದ್ದರೆ ಅದನ್ನೇ ಆರಿಸಿ, ಒಂದು ಜೆಪೆಗ್ ತೆಗೆಯಿರಿ. ಏನನ್ನಾದರೂ ತೆಗೆಯಿರಿ, ಗೋಡೆಯಾದರೂ ಸರಿ.

ಈಗ ಫೈಲ್ ಹೆಸರು ನೋಡಿ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಐಎಂಜಿ_0001, ನಿಕಾನ್‌ನಲ್ಲಿ ಡಿಎಸ್‌ಸಿ_0001, ಸೋನಿಯಲ್ಲಿ ಡಿಎಸ್‌ಸಿ00001, ಫ್ಯೂಜಿಯಲ್ಲಿ ಡಿಎಸ್‌ಸಿಎಫ್0001. ಫೋಲ್ಡರ್ ಹೆಸರು 100ರಿಂದ ಶುರುವಾಗಬೇಕು. ಕ್ಯಾಮೆರಾ ಕಂಪನಿಗಳೆಲ್ಲ ಪಾಲಿಸುವ ಒಂದೇ ಪದ್ಧತಿ ಇದು: ಫೋಲ್ಡರ್ 100ರಿಂದ 999, ಫೋಟೋ 0001ರಿಂದ 9999. ಅಷ್ಟು ತುಂಬಿದ ಮೇಲೆ ಫೋಲ್ಡರ್ 101 ಆಗಿ ನಂಬರ್ ಮತ್ತೆ ಒಂದಕ್ಕೆ ಬರುತ್ತದೆ.

ಖಾಲಿ ಕಾರ್ಡಿನಲ್ಲಿ 0007 ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಯಾರೋ ಆರು ಸಲ ಒತ್ತಿ ನೋಡಿದ್ದಾರೆ ಅಷ್ಟೇ. 0412 ಬಂದರೆ ಅದು ಪರೀಕ್ಷೆಯಲ್ಲ, ಒಂದು ಪ್ರವಾಸ. ಆದರೆ 0001 ಬಂತು ಅಂತ ಕುಣಿಯಲೂಬೇಡಿ. ಮೆನುವಿನಲ್ಲಿ ನಂಬರ್ ರೀಸೆಟ್ ಮಾಡಲು ಅರ್ಧ ನಿಮಿಷ ಸಾಕು. ಜಾಸ್ತಿ ನಂಬರ್ ಬಂದರೆ ಅದೊಂದು ಸಾಕ್ಷಿ. ಕಡಿಮೆ ನಂಬರ್ ಯಾವುದಕ್ಕೂ ಸಾಕ್ಷಿಯಲ್ಲ.

ಶಟರ್ ಕೌಂಟ್: ಸುಲಭಕ್ಕೆ ಸುಳ್ಳು ಹೇಳದ ಅಂಕಿ

ಫೈಲ್ ನಂಬರ್ ಬೇರೆ, ಶಟರ್ ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ ಬೇರೆ. ಎರಡನೆಯದನ್ನು ಮೆನುವಿನಿಂದ ಅಳಿಸಲಾಗುವುದಿಲ್ಲ. ನಿಕಾನ್ ಮತ್ತು ಪೆಂಟಾಕ್ಸ್ ಕ್ಯಾಮೆರಾಗಳು ಈ ಅಂಕಿಯನ್ನು ಫೋಟೋ ಫೈಲಿನೊಳಗೇ ಬರೆಯುತ್ತವೆ, ಸೋನಿಯ ಹಲವು ಮಾಡೆಲ್‌ಗಳೂ ಬರೆಯುತ್ತವೆ. ಫಿಲ್ ಹಾರ್ವಿ ಅನ್ನುವವರು ಬರೆದ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಆ ಫೋಟೋ ಕೊಟ್ಟರೆ ಒಳಗಿನ ಮಾಹಿತಿಯೆಲ್ಲ ಉದ್ದ ಪಟ್ಟಿಯಾಗಿ ಬರುತ್ತದೆ. ಅದರಲ್ಲಿ ಶಟರ್ ಕೌಂಟ್ ಎಂಬ ಸಾಲು ಹುಡುಕಿ. ಫೋಟೋವನ್ನು ಕಾರ್ಡಿನಿಂದ ನೇರವಾಗಿ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಫೋಟೋದಲ್ಲಿ ಈ ಮಾಹಿತಿ ಸೋರಿಹೋಗಿರುತ್ತದೆ.

ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳು ಫೋಟೋದೊಳಗೆ ಬರೆಯುವುದಿಲ್ಲ. ಕೇಬಲ್ ಹಾಕಿ ಓದುವ ಸಾಫ್ಟ್‌ವೇರ್ ಬೇಕು, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಬೇಕು. ಪ್ಯಾನಸೋನಿಕ್‌ನ ಹಲವು ಕ್ಯಾಮೆರಾಗಳಲ್ಲಿ ಕೆಲವು ಬಟ್ಟನ್ ಒಟ್ಟಿಗೆ ಒತ್ತಿದರೆ ತೆರೆಯುವ ಗುಪ್ತ ಮೆನು ಇದೆ. ಎಷ್ಟು ಸಲ ಆನ್ ಆಗಿದೆ ಅನ್ನುವುದನ್ನೂ ಅದು ತೋರಿಸುತ್ತದೆ. ಆದರೆ ಅದು ರಿಪೇರಿ ಮಾಡುವವರ ಜಾಗ. ನಿಮ್ಮ ಮಾಡೆಲ್‌ಗೆ ಯಾವ ಬಟ್ಟನ್ ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ಕೈ ಹಾಕಬೇಡಿ, ವಾಪಸ್ ಕೊಡಬೇಕಾದ ಕ್ಯಾಮೆರಾವನ್ನು ಕೆಡಿಸಿಕೊಂಡು ಕೂರುವುದು ಬೇಡ.

ಅಂಕಿ ಎಷ್ಟಿದ್ದರೆ ಸರಿ? ಕಾರ್ಖಾನೆಯಲ್ಲೇ ಪರೀಕ್ಷೆಗೆ ಒಂದಿಷ್ಟು ಕ್ಲಿಕ್ ಆಗಿರುತ್ತವೆ, ಸೊನ್ನೆಯೇ ಬೇಕು ಅಂತ ಹಟ ಬೇಡ. ಕೆಲವು ಹತ್ತುಗಳವರೆಗೆ ನಾನು ಸುಮ್ಮನಿರುತ್ತೇನೆ. ನೂರು ದಾಟಿದರೆ ಕೇಳುತ್ತೇನೆ. ಸಾವಿರದ ಹತ್ತಿರ ಬಂದರೆ ಉತ್ತರಕ್ಕೂ ಕಾಯುವುದಿಲ್ಲ, ವಾಪಸ್. ಸವೆತದ ಲೆಕ್ಕದಲ್ಲಿ ಸಾವಿರ ಏನೂ ಅಲ್ಲ ಬಿಡಿ. ನಿಕಾನ್ ಡಿ850ರ ಶಟರನ್ನು 2 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿರುತ್ತಾರೆ, ಡಿ5ರದ್ದು 4 ಲಕ್ಷ. ಶಟರ್ ನಾಳೆ ಮುರಿದುಬೀಳುತ್ತದೆ ಅನ್ನುವ ಭಯ ನನಗಿಲ್ಲ. ಹೊಸದರ ಬೆಲೆ ಕೊಟ್ಟವನಿಗೆ ಹೊಸದೇ ಬರಬೇಕು ಅಷ್ಟೇ.

ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಒಂದು ತೊಡಕಿದೆ. ಪರದೆ ಬಡಿಯದೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದದ್ದು ಎಷ್ಟೋ ಮಾಡೆಲ್‌ಗಳ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗಟ್ಟಲೆ ವಿಡಿಯೋ ಮಾಡಿದ್ದೂ ಬರುವುದಿಲ್ಲ. ಕೌಂಟ್ 30 ಇದ್ದು ಟ್ರೈಪಾಡ್ ತೂತಿನ ಸುತ್ತ ಚೆನ್ನಾಗಿ ಉಜ್ಜಿದ್ದರೆ, ಉಜ್ಜಿದ ಗುರುತನ್ನೇ ನಂಬಿ.

ಮೆನುವಿನ ಮೂಲೆಗಳು

ನನಗೆ ತುಂಬಾ ಇಷ್ಟವಾದ ಹಂತ ಇದು, ಸ್ವಲ್ಪ ಪತ್ತೇದಾರಿ ಕೆಲಸ. ಗೆಳೆಯನೊಬ್ಬ ಹೊಸ ಕ್ಯಾಮೆರಾ ತಂದು ತೋರಿಸಿದ. ಮೈ ಮೇಲೆ ಒಂದು ಗೀರಿಲ್ಲ, ಮೊದಲ ಫೋಟೋ 0001. ಎಲ್ಲಾ ಸರಿ ಇದೆ ಅಂದುಕೊಂಡು ಸುಮ್ನೆ ಮೆನು ತಿರುವುತ್ತಾ ಕಾಪಿರೈಟ್ ಮಾಹಿತಿ (ಫೋಟೋ ಯಾರದ್ದು ಅಂತ ಹೆಸರು ಬರೆದಿಡುವ ಜಾಗ) ತೆರೆದೆವು. ಅಲ್ಲಿ ಪೂರ್ತಿ ಹೆಸರು, ಮುಂದೆ ‘ಸ್ಟುಡಿಯೋ’ ಅಂತ. ಇಬ್ಬರೂ ಒಂದು ನಿಮಿಷ ಮಾತೇ ಆಡಲಿಲ್ಲ. ರೀಸೆಟ್ ಮಾಡಿದವರಿಗೆ ಗೊತ್ತಿರಲಿಲ್ಲ, ಎಷ್ಟೋ ಕ್ಯಾಮೆರಾಗಳಲ್ಲಿ ಸಾಮಾನ್ಯ ರೀಸೆಟ್ ಕಾಪಿರೈಟ್ ಹೆಸರನ್ನು ಮುಟ್ಟುವುದಿಲ್ಲ. ಅದನ್ನು ಬೇರೆಯಾಗಿಯೇ ಅಳಿಸಬೇಕು.

ಹಾಗಾಗಿ ಮಾಲೀಕರ ಹೆಸರು, ಕಾಪಿರೈಟ್, ವೈಫೈ ಮತ್ತು ಬ್ಲೂಟೂತ್‌ಗೆ ಜೋಡಿಸಿದ ಫೋನ್‌ಗಳು, ನೋಂದಾಯಿಸಿದ ಮುಖಗಳು, ಸ್ವಂತಕ್ಕೆ ಹೊಂದಿಸುವ ‘ಮೈ ಮೆನು’, ಎಲ್ಲವನ್ನೂ ತೆರೆದು ನೋಡಿ. ಕೆಲವು ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ, ಒಂದೊಂದು ಲೆನ್ಸಿಗೂ ಫೋಕಸ್ ತಿದ್ದಿಡುವ ಆಟೋಫೋಕಸ್ ಸಣ್ಣ ಹೊಂದಾಣಿಕೆಯ ಪಟ್ಟಿಯೂ ಇರುತ್ತದೆ. ಅದರಲ್ಲಿ ನಿಮ್ಮ ಹತ್ತಿರ ಇಲ್ಲದ ಲೆನ್ಸಿನ ಹೆಸರು ಕೂತಿದ್ದರೆ ಹೇಳುವುದೇ ಬೇಡ. ಕ್ಯಾನನ್‌ನ ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿಗಳನ್ನು ನೋಂದಾಯಿಸುವ ಸೌಲಭ್ಯ ಇದೆ. ಒಂದೇ ಬ್ಯಾಟರಿ ಬಂದ ಬಾಕ್ಸಿನಲ್ಲಿ ಮೂರು ಬ್ಯಾಟರಿಗಳ ಪಟ್ಟಿ ಸಿಕ್ಕರೆ ಉಳಿದೆರಡು ಯಾರ ಮನೆಯಲ್ಲಿವೆ?

ಸೆನ್ಸರ್ ಧೂಳು ನೋಡುವುದಿದ್ದರೆ ಲೆನ್ಸಿನ ಕಿಂಡಿ ಸಣ್ಣದಾಗುವ ಹಾಗೆ ಎಫ್/16ಗೆ ಇಟ್ಟು, ಫೋಕಸ್ ಬೇಕಂತಲೇ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಚುಕ್ಕೆಗಳು ಕಾಣುತ್ತವೆ. ಆದರೆ ಇದನ್ನು ಸಾಕ್ಷಿಯ ಪಟ್ಟಿಯಲ್ಲಿ ಕೊನೆಗಿಡಿ. 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಹೊಚ್ಚ ಹೊಸ ಸೆನ್ಸರ್ ಮೇಲೆಯೇ ಚುಕ್ಕೆಗಳು ಬೀಳುತ್ತಿದ್ದವು. ಅದನ್ನು ಕಂಪನಿಯೇ ಉಚಿತವಾಗಿ ಸರಿ ಮಾಡಿಕೊಡಬೇಕಾಯಿತು.

ಮಾರಿದವರ ಜೊತೆ ಮಾತು

ಮೊದಲೇ ಒಂದು ವಿಷಯ ತೀರ್ಮಾನಿಸಿಕೊಳ್ಳಿ: ನಿಮಗೆ ಬೇಕಾದದ್ದು ದುಡ್ಡಾ, ಬೇರೆ ಕ್ಯಾಮೆರಾನಾ, ಅಥವಾ ಬೆಲೆಯಲ್ಲಿ ಇಳಿಕೆಯಾ? ಇದು ಗೊತ್ತಿಲ್ಲದೆ ಫೋನ್ ಮಾಡಿದರೆ ಅವರು ಹೇಳಿದ್ದಕ್ಕೆ ತಲೆ ಆಡಿಸಿ ಬರುತ್ತೀರಿ. ಶೋಕೇಸಿನಲ್ಲಿ ಇಟ್ಟಿದ್ದು, ಒಬ್ಬರು ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟದ್ದು, ಕಂಪನಿಯೇ ರಿಪೇರಿ ಮಾಡಿ ಮತ್ತೆ ಮಾರುವ ರಿಫರ್ಬಿಷ್ಡ್, ಈ ಮೂರೂ ಬೇರೆ ಬೇರೆ. ಹೇಳಿ ಮಾರಿದ್ದರೆ ಯಾವುದೂ ತಪ್ಪಲ್ಲ. ಹೇಳದೆ ಹೊಸದು ಅಂತ ಮಾರಿದ್ದೇ ತಪ್ಪು.

ಅದಕ್ಕೂ ಮುಂಚೆ ಕಂಪನಿಯ ಕಸ್ಟಮರ್ ಕೇರ್‌ಗೆ ಸೀರಿಯಲ್ ನಂಬರ್ ಕೊಟ್ಟು, ಇದು ಮೊದಲೇ ಯಾರ ಹೆಸರಿಗಾದರೂ ನೋಂದಣಿ ಆಗಿದೆಯಾ, ಸರ್ವಿಸ್‌ಗೆ ಬಂದಿತ್ತಾ ಅಂತ ಕೇಳಿ. ಹೆಸರು ಹೇಳದೇ ಇರಬಹುದು, ಆದರೆ ನೋಂದಣಿ ಆಗಿದೆಯಾ ಇಲ್ಲವಾ ಅನ್ನುವಷ್ಟು ತಿಳಿದರೆ ಸಾಕು. ವಾರಂಟಿ ಯಾವ ದಿನದಿಂದ ಲೆಕ್ಕ ಅಂತಲೂ ಕೇಳಿಕೊಳ್ಳಿ. ಬೇರೆಯವರ ಬಿಲ್ ದಿನದಿಂದ ನಿಮ್ಮ ವಾರಂಟಿ ಕರಗುತ್ತಾ ಇರಬಾರದು ಅಲ್ವಾ?

ಆಮೇಲೆ ಬರಹದಲ್ಲೇ ಕೇಳಿ. ಕೂಗಾಟ ಬೇಡ, ಆರೋಪವೂ ಬೇಡ. ಹೀಗೆ ಬರೆದರೆ ಸಾಕು:

‘ನಮಸ್ಕಾರ. ಈ ಬಿಲ್ ನಂಬರಿನಲ್ಲಿ ನಿಮ್ಮಿಂದ ಹೊಸ ಕ್ಯಾಮೆರಾ ಕೊಂಡಿದ್ದೇನೆ. ಖಾಲಿ ಕಾರ್ಡ್ ಹಾಕಿ ತೆಗೆದ ಮೊದಲ ಫೋಟೋದ ನಂಬರ್ 0412. ಶಟರ್ ಕೌಂಟ್ 436. ಹಾಟ್ ಶೂ ಅಂಚಿನಲ್ಲಿ ಬಣ್ಣ ಹೋಗಿದೆ. ಫೋಟೋಗಳನ್ನು ಜೊತೆಗೆ ಕಳಿಸಿದ್ದೇನೆ. ಇದು ಮೊದಲು ಬೇರೆಯವರಿಗೆ ಹೋಗಿ ವಾಪಸ್ ಬಂದದ್ದೇ ಎಂದು ದಯವಿಟ್ಟು ತಿಳಿಸಿ. ನನಗೆ ಬಳಸದ ಕ್ಯಾಮೆರಾ ಬದಲಿಗೆ ಬೇಕು. ಇಲ್ಲವಾದರೆ ಪೂರ್ತಿ ಹಣ ವಾಪಸ್ ಕೊಡಿ. ಶುಕ್ರವಾರದೊಳಗೆ ಉತ್ತರ ನಿರೀಕ್ಷಿಸುತ್ತೇನೆ.’

ಅಂಕಿ ಇಟ್ಟು, ನೇರ ಪ್ರಶ್ನೆ ಕೇಳಿ, ದಿನ ಹೇಳಿಬಿಟ್ಟರೆ ‘ಪರಿಶೀಲಿಸುತ್ತೇವೆ’ ಅಂತ ಜಾರಿಕೊಳ್ಳುವುದು ಕಷ್ಟ. ಉತ್ತರ ಬರುವವರೆಗೆ ಕ್ಯಾಮೆರಾ ಬಳಸಬೇಡಿ. ನೀವೇ ಐನೂರು ಕ್ಲಿಕ್ ಮಾಡಿಬಿಟ್ಟರೆ ಆಮೇಲೆ ಯಾವುದು ಯಾರದ್ದು ಅಂತ ಹೇಳುವುದು ಹೇಗೆ? ಫೋನಿನಲ್ಲಿ ಒಪ್ಪಿಕೊಂಡರೆ, ಅದನ್ನೇ ಎರಡು ಸಾಲು ಮೆಸೇಜ್ ಮಾಡಿ ಅಂತ ಕೇಳಿ. ಒಪ್ಪದೇ ಹೋದರೆ ಕಾರ್ಡ್‌ನಲ್ಲಿ ಪಾವತಿ ಮಾಡಿದವರು ಬ್ಯಾಂಕಿಗೆ ತಕರಾರು ಕೊಡಬಹುದು. ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಂಡಿದ್ದರೆ ಮಾರಾಟಗಾರರನ್ನು ಬಿಟ್ಟು ಆ ಮಾರುಕಟ್ಟೆಯವರಿಗೇ ದೂರು ಕೊಡಿ.

ವಾಪಸ್ ಕಳಿಸುವುದೇ ಆಯಿತು ಅಂದರೆ ಎಲ್ಲಾ ಸಾಮಾನನ್ನೂ ಬಂದ ಹಾಗೇ ಇಡಿ, ಮುಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ, ಸೀರಿಯಲ್ ನಂಬರ್ ಕಾಣುವ ಹಾಗೆ. ನಿಮ್ಮ ಫೋನ್ ಜೋಡಿಸಿದ್ದರೆ ಕಿತ್ತುಹಾಕಿ. ಕಾರ್ಡ್ ತೆಗೆದುಕೊಳ್ಳಿ. ಹಾಂ, ಕಾಪಿರೈಟ್ ಜಾಗದಲ್ಲಿ ಆಸೆಗೆ ನಿಮ್ಮ ಹೆಸರು ಟೈಪ್ ಮಾಡಿದ್ದರೆ ಅದನ್ನೂ ಮರೆಯದೆ ಅಳಿಸಿ.